ಡಾಕ್ಟರು ಹೇಳಿದ ಹಿಟ್ಟು, ನನಗೆ ಕೇಳಿಸಿದ ಹಿಟ್ಟು

ಮೊನ್ನೆ ಬೆಳಿಗ್ಗೆ ಜಗುಲಿ ಮೇಲೆ ಕೂತು ಬೀದಿಯಲ್ಲಿ ಹೋಗುತ್ತಿದ್ದ ಹುಡುಗಿಯೊಬ್ಬಳನ್ನು "ಏನವ್ವಾ, ಹಿಟ್ಟಾಯ್ತಾ?" ಅಂತ ಕೇಳಿದೆ. ಅವಳು ನಿಂತು ಯೋಚನೆ ಮಾಡಿ, "ಯಾವ ಹಿಟ್ಟಜ್ಜಿ? ಇಡ್ಲಿ ಹಿಟ್ಟಾ?" ಅಂದಳು. ನನಗೆ ನಗು ಬಂತು. ಆಮೇಲೆ ಯಾಕೋ ನಗು ಅರ್ಧಕ್ಕೇ ನಿಂತಿತು.

ನಿಮಗೂ ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ. ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಕಡೆ ಹಿಟ್ಟು ಅಂದರೆ ಒಂದೇ ಹಿಟ್ಟು, ರಾಗಿ ಹಿಟ್ಟು. ಪುಡಿಯಾಗಿ ಮಡಕೆಯಲ್ಲಿದ್ದರೂ ಅದು ಹಿಟ್ಟೇ, ಬೆಂದು ದುಂಡಗಾಗಿ ತಟ್ಟೆಗೆ ಬಂದರೂ ಹಿಟ್ಟೇ. ಮುದ್ದೆ ಅನ್ನುವ ಮಾತನ್ನು ದೂರದ ನೆಂಟರ ಮುಂದೆ ಮಾತ್ರ, ಒಗೆದ ಬಟ್ಟೆ ಉಟ್ಟಂತೆ, ಬಳಸುತ್ತಿದ್ದೆವು. "ಊಟ ಆಯ್ತಾ" ಅಂತ ನಮ್ಮಲ್ಲಿ ಯಾರೂ ಕೇಳುತ್ತಿರಲಿಲ್ಲ. "ಹಿಟ್ಟಾಯ್ತಾ" ಅನ್ನುತ್ತಿದ್ದೆವು, ಅಷ್ಟೆ.

ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಬರುತ್ತೆ, ಒತ್ತಕ್ಷರದ ಜೊತೆ ಮಾತ್ರ ಇವತ್ತಿಗೂ ಜಗಳ. ಹಾಗಂತ ಊಟದ ವಿಷಯ ಬರೆಯಲು ನನಗೆ ಅಳುಕಿಲ್ಲ. ಐವತ್ತು ವರ್ಷ ಒಲೆ ಮುಂದೆ ಕೂತವಳು ನಾನು. ಯಾರ ಮೈ ಯಾವ ತಟ್ಟೆಯಿಂದ ಬಂದಿದೆ ಅಂತ ಮುಖ ನೋಡಿ ಹೇಳಬಲ್ಲೆ. ಇದನ್ನು ಕಲಿಯಲು ನಾನು ಕೊಟ್ಟ ಫೀಜು ಮಾತ್ರ ನನ್ನದಲ್ಲ, ನಮ್ಮಣ್ಣನದು. ಅದನ್ನೇ ಹೇಳಬೇಕು ಅಂತ ಕೂತಿದ್ದೇನೆ.

ಚಿಕ್ಕಂದಿನಲ್ಲಿ ನನಗೆ ಹಿಟ್ಟು ಅಂದರೆ ಆಗುತ್ತಿರಲಿಲ್ಲ. ಹಿಟ್ಟಿಲ್ಲದೆ ಇರಲೂ ಆಗುತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ಆಸೆಯೆಲ್ಲ ಅನ್ನದ ಮೇಲೆ. ಅನ್ನ ನಮ್ಮ ಮನೆಯಲ್ಲಿ ಮೂರು ಕಾರಣಕ್ಕೆ ಮಾತ್ರ ಒಲೆ ಏರುತ್ತಿತ್ತು: ಹಬ್ಬಕ್ಕೆ, ನೆಂಟರಿಗೆ, ಕಾಯಿಲೆಗೆ. ಕೆರೆ ಕೆಳಗೆ ಒಂದಿಷ್ಟು ಭತ್ತ ಬೆಳೆಯುತ್ತಿದ್ದೆವು. ಆ ಅಕ್ಕಿ ಒಳಕೋಣೆಯ ದೊಡ್ಡ ಮಣ್ಣಿನ ಗುಡಾಣದಲ್ಲಿ, ಮದುವೆಗಿಟ್ಟ ಸೀರೆಯಂತೆ ಕೂತಿರುತ್ತಿತ್ತು. ಹಬ್ಬ ನನ್ನ ಕೈಲಿರಲಿಲ್ಲ, ನೆಂಟರೂ ನನ್ನ ಕೈಲಿರಲಿಲ್ಲ. ಕಾಯಿಲೆ ಒಂದೇ ನನ್ನ ಕೈಲಿದ್ದದ್ದು. ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡರೆ ಮೈ ಬಿಸಿಯಾಗುತ್ತೆ ಅಂತ ಯಾರೋ ಹೇಳಿದ್ದರು. ಇಟ್ಟುಕೊಂಡು, ಕಂಬಳಿ ಹೊದ್ದು, ನರಳಿದೆ. ಅವ್ವ ಬಂದು ಹಣೆ ಮುಟ್ಟಿದಳು, ಮೂಗು ಅರಳಿಸಿದಳು, ಕಂಬಳಿ ಕಿತ್ತಳು.

"ಜ್ವರಕ್ಕೆ ಒಗ್ಗರಣೆ ಹಾಕ್ದೋರು ಯಾರೇ?" ಅಂದಳು.

ಅವತ್ತು ನನಗೆ ಸಿಕ್ಕಿದ್ದು ಎರಡು ಏಟು, ಹುರುಳಿ ಸಾರು ಮತ್ತು ಅದೇ ಹಿಟ್ಟು. ಈರುಳ್ಳಿಯನ್ನೂ ಅವ್ವ ಸಾರಿಗೇ ಹಾಕಿದಳು.

ಬೆಳೆದೆ, ಮದುವೆಯಾಯಿತು. ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೇ ಬಂದೆ. ಮನೆಯಲ್ಲಿ ಅವ್ವ, ಅಣ್ಣ ಮುನಿಯಣ್ಣ, ನಾನು, ಮೂರೇ ಜನ. ಅಣ್ಣ ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳಿದವರಿಗೆ "ಹೊಲಕ್ಕೆ ಹೋಗಾಕೇ ಹೊತ್ತು ಸಾಲ್ದು, ಹೆಣ್ಣು ನೋಡಾಕೆ ಯಾವಾಗ ಹೋಗ್ಲಿ" ಅನ್ನುತ್ತಿದ್ದ. ಅವ್ವನ ಕೈ ಸೋತಿದ್ದರಿಂದ ಅಡಿಗೆ ಮನೆ ನನಗೆ ಬಂತು. ಅಡಿಗೆ ಮನೆ ಅಂದರೆ ಹಿಟ್ಟು ತೊಳಸುವುದು. ಕುದಿಯುವ ಎಸರಿಗೆ ಹಿಟ್ಟು ಸುರಿದು, ಮಡಕೆಯನ್ನು ಕಾಲಲ್ಲಿ ಅದುಮಿ ಹಿಡಿದು, ಕೋಲಿನಲ್ಲಿ ಗಂಟಿಲ್ಲದಂತೆ ತಿರುವಬೇಕು. ಗಂಟು ಉಳಿದರೆ ಅಣ್ಣ ಏನೂ ಅನ್ನುತ್ತಿರಲಿಲ್ಲ. ಆ ಗಂಟನ್ನು ಎತ್ತಿ ತಟ್ಟೆಯ ಅಂಚಿನಲ್ಲಿ ಕೂರಿಸಿ, "ಪುಟ್ಟೀ, ಇದು ನಿನ್ ಪಾಲು" ಅನ್ನುತ್ತಿದ್ದ. ದಿನಕ್ಕೆರಡು ಸಲ ತೊಳಸಿ ತೊಳಸಿ ನನ್ನ ಬಲರಟ್ಟೆ ಊರಿನ ಪೈಲ್ವಾನರ ರಟ್ಟೆಯಷ್ಟಾಗಿತ್ತು. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು, ಸಿಟ್ಟೂ ಇತ್ತು.

ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಣ್ಣನಿಗೆ ಮೂವತ್ತೆಂಟೋ ನಲವತ್ತೋ. ಕೊಡಗಟ್ಟಲೆ ನೀರು ಕುಡಿಯತೊಡಗಿದ, ಮತ್ತೆ ಮತ್ತೆ ಹಿತ್ತಲಿಗೆ ಹೋಗತೊಡಗಿದ. ಮೊದಲು ಕಂಡುಹಿಡಿದದ್ದು ಅವ್ವ. ಹಿತ್ತಲಲ್ಲಿ ಅವನು ಕೂರುವ ಜಾಗಕ್ಕೆ ಕಟ್ಟಿರುವೆ ಸಾಲುಗಟ್ಟಿದ್ದವು.

"ಲೋ ಮುನಿಯ, ಇರುವೆ ಬೆಲ್ಲ ಬಿಟ್ಟು ನಿನ್ ಹಿಂದೆ ಬಿದ್ದವಲ್ಲೋ! ಇದು ಸಕ್ರೆ ಕಾಯ್ಲೆ" ಅಂದಳು.

ಮಾರನೇ ದಿನ ಅಣ್ಣನೂ ನಾನೂ ಬಸ್ಸು ಹತ್ತಿ ದೊಡ್ಡಬಳ್ಳಾಪುರಕ್ಕೆ ಹೋದೆವು. ಅಲ್ಲಿದ್ದ ಡಾಕ್ಟರು ಘಟ್ಟದ ಕೆಳಗಿನವರು. ಬಹಳ ಒಳ್ಳೆಯ ಮನುಷ್ಯ, ಮಾತು ಮಾತ್ರ ಪುಸ್ತಕದ ಹಾಗೆ. ಮೂತ್ರಕ್ಕೆ ನೀಲಿ ನೀರು ಹಾಕಿ ಗಾಜಿನ ಕೊಳವೆಯಲ್ಲಿ ಕಾಯಿಸಿದರು. ನೀಲಿ ಹೋಗಿ ಹಸಿರಾಯಿತು, ಹಸಿರು ಹಳದಿಯಾಯಿತು, ಕೊನೆಗೆ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ಬಂದು ನಿಂತಿತು. ನನಗೆ ಜಾದು ನೋಡಿದಷ್ಟು ಖುಷಿ. ಡಾಕ್ಟರಿಗೆ ಖುಷಿಯಾಗಲಿಲ್ಲ. ಅಣ್ಣನನ್ನು ತೂಕ ಹಾಕಿಸಲು ಹೊರಗೆ ಕಳಿಸಿ ನನಗೆ ಹೇಳಿದರು:

"ನೋಡಿ ಅಮ್ಮ, ಅಡಿಗೆ ಮಾಡುವವರು ನೀವು, ಸರಿಯಾಗಿ ಕೇಳಿ. ಇವರಿಗೆ ಸಕ್ಕರೆ ಕಾಯಿಲೆ ಉಂಟು. ಹಿಟ್ಟಿನ ಪದಾರ್ಥ ಆದಷ್ಟು ಕಡಿಮೆ ಮಾಡಬೇಕು. ಅನ್ನ, ಬಟಾಟೆ, ಗೆಣಸು, ಬೆಲ್ಲ, ಇವನ್ನೆಲ್ಲ ಜಾಸ್ತಿ ಕೊಡಬಾರದು."

ಈಗ ನೀವು ನನ್ನ ಕಿವಿಯೊಳಗೆ ಬಂದು ಕೂರಬೇಕು. 'ಹಿಟ್ಟು ಕಡಿಮೆ ಮಾಡಬೇಕು' ಅನ್ನುವಷ್ಟು ಕೇಳಿಸಿತು. ಅದರ ಹಿಂದೆಯೇ 'ಅನ್ನ' ಅಂದದ್ದೂ ಕೇಳಿಸಿತು. ಇಷ್ಟು ವರ್ಷ ಊರವರ ಮುಂದೆ ಕೇಳಿಸಲಿಲ್ಲ ಅಂತಲೇ ಹೇಳಿಕೊಂಡು ಬಂದೆ. ಕೇಳಿಸಿತ್ತು. ಆದರೆ ಹಿಟ್ಟು ಬಿಟ್ಟ ಮೇಲೆ ಮನುಷ್ಯ ಇನ್ನೇನು ತಿನ್ನಬೇಕು? ಅನ್ನ ತಾನೆ? ಕಾಯಿಲೆಯವರಿಗೆ ಅನ್ನ ಕೊಡುವುದು ನಮ್ಮ ಅಜ್ಜಿ ಮುತ್ತಜ್ಜಿ ಕಾಲದಿಂದ ಬಂದದ್ದು. ಡಾಕ್ಟರು ಅನ್ನದ ಬಗ್ಗೆ ಏನೋ ಹೇಳಿದರು, ಕೊಡಿ ಅಂತಲೇ ಇರಬೇಕು. ಹೀಗೆ ನನಗೆ ನಾನೇ ಹೇಳಿಕೊಂಡೆ. ಒಂದು ಮಾತು, "ಸ್ವಾಮಿ, ಅನ್ನ ಏನಂದ್ರಿ?" ಅಂತ ಕೇಳಬಹುದಿತ್ತು. ಕೇಳಿದರೆ ಎಲ್ಲಿ ಬೇಡ ಅಂದುಬಿಡುತ್ತಾರೋ ಅಂತ ಕೇಳಲಿಲ್ಲ.

ಮನೆಗೆ ಬಂದು ಅಪ್ಪಣೆ ಹೊರಡಿಸಿದೆ. "ಅಣ್ಣ ಹಿಟ್ಟು ಬಿಡ್ಬೇಕಂತೆ. ಮೂರೊತ್ತೂ ಅನ್ನ."

ಅವ್ವ ಬಾಯಿ ಬಿಟ್ಟಳು. "ಹಿಟ್ಟು ಬಿಡು ಅಂದ್ನಾ? ಯಾವನೇ ಅವ್ನು? ಹಿಟ್ಟು ತಿಂದೋನು ಬೆಟ್ಟ ಕಿತ್ತಿಟ್ಟ ಅಂತಾರೆ. ಮೊದ್ಲು ಆ ಡಾಕ್ಟ್ರುಗೆ ಯಾರಾದ್ರೂ ಮದ್ದು ಕೊಡ್ರೇ!"

"ಅವ್ವ, ನೀನು ಓದಿದ್ದೀಯಾ? ಅವ್ರು ಓದವ್ರೆ" ಅಂದೆ. ಮೂರನೇ ಕ್ಲಾಸಿನ ಜಂಬ.

ಅಣ್ಣ ಅಕ್ಕಿಯ ಗುಡಾಣದ ಮುಚ್ಚಳ ತೆಗೆದುಕೊಟ್ಟ. ಗುಡಾಣದ ಅಕ್ಕಿ ಮುಗಿದ ಮೇಲೆ ಸಂತೆಯಿಂದ ತಂದ. ಅವನೊಬ್ಬನಿಗೆ ಬೇರೆ ಪಾತ್ರೆ ಇಡುವುದು ಕಷ್ಟ ಅಂತ ನಾನೂ ಅನ್ನವನ್ನೇ ಉಣ್ಣತೊಡಗಿದೆ. ನೋಡಿ, ಎಷ್ಟು ತ್ಯಾಗ! ಅವ್ವ ಒಬ್ಬಳು ಹಟ ಹಿಡಿದು ತನಗೊಂದು ಮುದ್ದೆ ತಾನೇ ತೊಳಸಿಕೊಳ್ಳುತ್ತಿದ್ದಳು. ಮಿಷಿನ್ನಿನಲ್ಲಿ ತೀಡಿದ ಮಲ್ಲಿಗೆಯಂಥ ಬಿಳಿ ಅನ್ನ, ಮೇಲೆ ತಿಳಿಸಾರು. ಸೊಪ್ಪಿನ ಬಸ್ಸಾರು, ಹುರುಳಿ ಕಟ್ಟು ಇವೆಲ್ಲ ಹಿಟ್ಟಿನ ಜೊತೆಗಾರರು. ಹಿಟ್ಟು ಹೋದ ಮನೆಯಲ್ಲಿ ಅವೂ ನಿಲ್ಲಲಿಲ್ಲ. ಪಕ್ಕದ ಮನೆ ಅಕ್ಕಯ್ಯಮ್ಮ ಬಂದು ಇಣುಕಿ, "ಏನಮ್ಮಾ ಪುಟ್ಟಮ್ಮ, ನಿಮ್ಮನೇಲಿ ದಿನಾ ಹಬ್ಬವಾ?" ಅಂದಳು.

"ಪಥ್ಯ ಕಣಕ್ಕಾ" ಅಂದೆ, ಮುಖ ಗಂಟು ಹಾಕಿಕೊಂಡು.

"ಇಂಥ ಪಥ್ಯ ನಮ್ಮ ಯಜಮಾನ್ರಿಗೂ ಬರ್ಲಪ್ಪಾ" ಅಂದು ಹೋದಳು.

ಒಂದೂವರೆ ವರ್ಷ ಹೀಗೇ ನಡೆಯಿತು. ಮಾತ್ರೆಯ ಚೀಟಿ ಇತ್ತು. ಅಂಗಡಿಯಲ್ಲಿ ತೋರಿಸಿದರೆ ಮಾತ್ರೆ ಸಿಗುತ್ತಿತ್ತು. ಡಾಕ್ಟರು ಮತ್ತೆ ಬನ್ನಿ ಅಂದಿದ್ದನ್ನು ಬಿತ್ತನೆ, ಕಳೆ, ಕೊಯ್ಲು ಅಂತ ಮುಂದೂಡಿದೆವು. ನನ್ನ ಕೆನ್ನೆ ತುಂಬಿಕೊಂಡವು. ಅಣ್ಣನ ಕೆನ್ನೆ ಒಳಗೆ ಹೋದವು. ಅವನು "ಯಾಕೋ ಸುಸ್ತು ಕಣೇ" ಅಂದಾಗಲೆಲ್ಲ ನಾನು ಇನ್ನೊಂದು ಸೌಟು ಅನ್ನ ಬಡಿಸಿದೆ.

ಒಂದು ದಿನ ಕೆರೆಯಿಂದ ಬಟ್ಟೆ ಒಗೆದು ಬಂದಾಗ ಅಡಿಗೆ ಮನೆಯಲ್ಲಿ ಅವ್ವ ತನ್ನ ಹಿಟ್ಟಿನಲ್ಲಿ ಅರ್ಧ ಮುರಿದು ಅಣ್ಣನಿಗೆ ಕೊಟ್ಟಿದ್ದಳು. ಅಣ್ಣ ಅದನ್ನು ಸೊಪ್ಪಿನ ಸಾರಲ್ಲಿ ಹೊರಳಿಸಿ ಬಾಯಿಗೆ ಇಡುವುದರಲ್ಲಿದ್ದ. ನಾನು ಓಡಿಹೋಗಿ ತಟ್ಟೆ ಕಿತ್ತುಕೊಂಡೆ.

"ಲೇ ಪುಟ್ಟಿ, ಒಂದೇ ತುತ್ತು ಕಣೇ. ನಾಲ್ಗೆ ಸತ್ತೋಗದೆ" ಅಂದ.

"ಪಥ್ಯ ಕೆಡಿಸ್ಕೊಂಡು ನೀನು ಸಾಯ್ತೀಯ, ಜನ ನನ್ನ ಆಡ್ಕೊಳ್ತಾರೆ" ಅಂದೆ. ಆ ಅರ್ಧ ಹಿಟ್ಟನ್ನು ಅವನ ಕಣ್ಣೆದುರೇ ಕೋಳಿಗಳಿಗೆ ಹಾಕಿದೆ.

ಅವನು ಕೈ ತೊಳೆದುಕೊಂಡು ಎದ್ದುಹೋದ. ಬೇಸರ ಮಾಡಿಕೊಳ್ಳಲಿಲ್ಲ. ಬದಲಿಗೆ ಊರಲ್ಲೆಲ್ಲ, "ನನ್ ತಂಗಿ ಹಂಗೆ ಪಥ್ಯ ಮಾಡಿಸೋರು ಈ ತಾಲ್ಲೂಕಲ್ಲೇ ಇಲ್ಲ" ಅಂತ ಹೇಳಿಕೊಂಡು ತಿರುಗಿದ.

ಆಮೇಲೆ ಒಂದು ಮಧ್ಯಾಹ್ನ ಹೊಲದಿಂದ ಬಂದವನ ಕಾಲಲ್ಲಿ ರಕ್ತ ಸೋರುತ್ತಿತ್ತು. ಜಾಲಿ ಮುಳ್ಳು ಬೆರಳ ಸಂದಿಯಲ್ಲಿ ಮುರಿದು ಕೂತಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ. "ನೋವಿಲ್ಲ ಬಿಡೇ" ಅಂದ. ಅದೇ ಕೆಟ್ಟ ಸುದ್ದಿ ಅಂತ ನಮಗೆ ಗೊತ್ತಿರಲಿಲ್ಲ. ಮುಳ್ಳು ತೆಗೆದೆವು, ಅರಿಶಿನ ಇಟ್ಟೆವು. ಹದಿನೈದು ದಿನವಾದರೂ ಗಾಯ ಮುಚ್ಚಲಿಲ್ಲ. ಮತ್ತೆ ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆವು.

ಅಣ್ಣನನ್ನು ಗಾಯಕ್ಕೆ ಕಟ್ಟು ಕಟ್ಟಿಸಲು ಒಳಗೆ ಕರೆದುಕೊಂಡು ಹೋದರು. ಡಾಕ್ಟರು ಕಾಯಿಸಿದ ಕೊಳವೆ ಈ ಸಲವೂ ಇಟ್ಟಿಗೆ ಬಣ್ಣಕ್ಕೇ ತಿರುಗಿತು, ಇನ್ನೂ ಕೆಂಪಾಗಿ.

"ಪಥ್ಯ ಮಾಡ್ತಿಲ್ಲವೋ ಅಮ್ಮ?"

"ಚಾಚೂ ತಪ್ಪಿಲ್ಲ ಸ್ವಾಮಿ. ಒಂದೂವರೆ ವರ್ಷದಿಂದ ಹಿಟ್ಟು ಮುಟ್ಸಿಲ್ಲ."

"ಒಳ್ಳೆಯದು. ಮತ್ತೆ ಏನು ಕೊಡ್ತೀರಿ?"

"ಅನ್ನ ಸ್ವಾಮಿ."

"ಎಷ್ಟು?"

"ಮೂರೊತ್ತೂ. ಹೊಟ್ಟೆ ತುಂಬ."

ಅವರ ಪೆನ್ನು ನಿಂತಿತು. ಏನೂ ಅರ್ಥವಾಗದೆ ಔಷಧಿ ಕಿಟಕಿಯಲ್ಲಿದ್ದ ಕಾಂಪೌಂಡರನ್ನು ಕರೆದರು. ಅವರು ನಮ್ಮ ಕಡೆಯವರು. ಕೇಳಿ ನಗುವುದಕ್ಕೆ ಶುರುಮಾಡಿ ಬಾಯಿ ಮುಚ್ಚಿಕೊಂಡರು. "ಸಾರ್, ಇಲ್ಲಿ ಹಿಟ್ಟು ಅಂದ್ರೆ ರಾಗಿ ಮುದ್ದೆ."

ಡಾಕ್ಟರು ಹಣೆ ಹಿಡಿದುಕೊಂಡರು. "ದೇವರೇ! ನಾನು ಹಿಟ್ಟು ಅಂದದ್ದು ಪಿಷ್ಟಕ್ಕೆ. ಎಲ್ಲರಿಗೂ ಹೀಗೇ ಹೇಳ್ತಾ ಬಂದಿದ್ದೇನಲ್ಲ!" ಆಮೇಲೆ ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದರು. ರಾಗಿಯೂ ಹೆಚ್ಚಾದರೆ ಸಕ್ಕರೆಯೇ, ಅದೇನೂ ಸಂಜೀವಿನಿಯಲ್ಲ. ಆದರೆ ಎರಡು ಮುದ್ದೆಯ ಬದಲು ಚಿಕ್ಕದೊಂದು, ಜೊತೆಗೆ ಸೊಪ್ಪು, ಕಾಳು ಹೆಚ್ಚಾಗಿ ಇದ್ದಿದ್ದರೆ ಮೈ ಹೇಗೋ ತಡೆದುಕೊಳ್ಳುತ್ತಿತ್ತು. ಬಿಳಿ ಅನ್ನವನ್ನೇ ಮೂರು ಹೊತ್ತು ತುಂಬಿಸಿದರೆ ಒಂದು ಮಾತ್ರೆ ಏನು ಮಾಡೀತು? ಎಲ್ಲ ಹೇಳಿ ಕೊನೆಗೆ, "ನಿಮ್ಮ ತಪ್ಪಲ್ಲ ಅಮ್ಮ, ನನ್ನ ಭಾಷೆಯ ತಪ್ಪು" ಅಂದರು. ದಿನ ಬಿಟ್ಟು ದಿನ ಬಂದು ಕಟ್ಟು ಬದಲಾಯಿಸಲೇಬೇಕು, ಇಲ್ಲದಿದ್ದರೆ ಕಾಲಿಗೇ ಅಪಾಯ ಅಂತಲೂ ಹೇಳಿದರು.

ನಾನು ಸುಮ್ಮನೆ ತಲೆಯಾಡಿಸಿದೆ. ಓದಿದ ಮನುಷ್ಯ ತಪ್ಪು ತನ್ನದು ಅಂತ ಹೊತ್ತುಕೊಂಡರೆ, ಮೂರನೇ ಕ್ಲಾಸಿನವಳಿಗೆ ಅದನ್ನು ತನ್ನ ಹೆಗಲಿಗೆ ಇಳಿಸಿಕೊಳ್ಳುವ ಧೈರ್ಯ ಬರಲಿಲ್ಲ.

ಬಸ್ಸಿನಲ್ಲಿ ಅಣ್ಣ ಕೇಳಿದ: "ಏನಂದ್ರು?"

ಇಲ್ಲಿಯವರೆಗೆ ಆದದ್ದನ್ನು ಅರ್ಧ ಆಸೆ, ಅರ್ಧ ಪೆದ್ದುತನ ಅನ್ನಬಹುದು. ಇಲ್ಲಿಂದ ಮುಂದಿನದಕ್ಕೆ ಆ ಹೆಸರು ಸಲ್ಲದು. ನಾನು ಹೇಳಿದೆ: "ಡಾಕ್ಟ್ರು ಮಾತು ಬದಲಾಯಿಸಿದ್ರು ಕಣಣ್ಣ. ಆವಾಗ ಹಿಟ್ಟು ಬೇಡ ಅಂದಿದ್ರು, ಈಗ ಅನ್ನ ಬೇಡ, ಹಿಟ್ಟೇ ಕೊಡಿ ಅಂತಾರೆ."

ಅಣ್ಣ ಕಿಟಕಿಯಿಂದಾಚೆ ಥೂ ಅಂತ ಉಗಿದ. "ಒಂದೂವರೆ ವರ್ಷ ನನ್ ಬಾಯಿ ಕಟ್ಸಿ, ಈಗ ಇಲ್ಲ ಅಂತಾನಾ? ಇಂಥ ನಾಲ್ಗೆಯೋನ ಕೈಗೆ ನನ್ ಕಾಲು ಕೊಡ್ಲಾ? ಇನ್ನು ಆ ಬಾಗ್ಲು ತುಳಿಯಲ್ಲ."

ಅವನು ಆಡಿದರೆ ಆಡಿದ್ದೇ. ದಿನ ಬಿಟ್ಟು ದಿನ ಹೋಗಬೇಕಾದವನು ಹೋಗಲಿಲ್ಲ. ಸೊಪ್ಪು ಅರೆದು ಕಟ್ಟಿಕೊಂಡ. ನಾನು ಮತ್ತೆ ಹಿಟ್ಟು ತೊಳಸತೊಡಗಿದೆ. ಅವನು ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದ. "ಅಯ್ಯೋ, ಜೀವ ಬಂತು ಕಣೇ" ಅನ್ನುತ್ತಿದ್ದ. ನಾನು ಮಾತ್ರ ಅವನ ಕಾಲು ನೋಡುತ್ತಿದ್ದೆ. ನಾಲ್ಕನೇ ದಿನ ಬೆರಳು ಊದಿತು. ಆರನೇ ದಿನ ಬಣ್ಣ ತಿರುಗಿತು. "ಹೋಗಣ್ಣ, ಇದೊಂದು ಸಲ ಹೋಗು" ಅಂದರೆ, "ಆ ಎಡವಟ್ಟು ಡಾಕ್ಟ್ರ ಹೆಸ್ರು ಎತ್ತಬ್ಯಾಡ" ಅನ್ನುತ್ತಿದ್ದ. ಅವನನ್ನು ಆಸ್ಪತ್ರೆಗೆ ಕಳಿಸಬಲ್ಲ ಮಾತು ಈ ಲೋಕದಲ್ಲಿ ಒಂದೇ ಇತ್ತು. ಅದು ನನ್ನ ಬಾಯಲ್ಲಿತ್ತು. ಎಂಟು ದಿನ ಬಾಯಲ್ಲೇ ಇಟ್ಟುಕೊಂಡಿದ್ದೆ. ನನಗೆ ಇವತ್ತಿಗೂ ನಾಚಿಕೆಯಾಗುವುದು ತಿಂದ ಅನ್ನಕ್ಕಲ್ಲ, ಆ ಎಂಟು ದಿನಕ್ಕೆ.

ಎಂಟನೇ ದಿನ ಬೆಳಿಗ್ಗೆ ಕಟ್ಟು ಬಿಚ್ಚಿದಾಗ ವಾಸನೆ ಬಂತು. ಅವ್ವ ಸೆರಗು ಮೂಗಿಗೆ ಹಿಡಿದು ಹಿತ್ತಲಿಗೆ ಹೋದಳು. ಅಣ್ಣ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದ. ನಾನು ಕೆಳಗೆ, ಅವನ ಕಾಲ ಹತ್ತಿರ ಕೂತು ಹೇಳಿದೆ.

"ಅಣ್ಣ, ಡಾಕ್ಟ್ರು ಮಾತು ಬದಲಾಯಿಸಿಲ್ಲ. ಮೊದ್ಲ ದಿನಾನೇ ಅನ್ನ ಬೇಡ ಅಂದಿದ್ರು. ನಂಗೆ ಕೇಳಿಸ್ತು. ಕೇಳಿಸ್ದಂಗೆ ಇದ್ದೆ. ನಂಗೆ ಅನ್ನ ಬೇಕಾಗಿತ್ತು."

ಅವನು ಬೈದಿದ್ದರೆ, ಪಕ್ಕದಲ್ಲಿದ್ದ ದೊಣ್ಣೆ ಎತ್ತಿದ್ದರೆ ಒಳ್ಳೆಯದಿತ್ತು. ಕಾಲನ್ನೂ ನನ್ನನ್ನೂ ಒಂದೊಂದು ಸಲ ನೋಡಿದ.

"ನಿಂಗೆ ಅನ್ನ ಅಷ್ಟೊಂದು ಆಸೆ ಅಂತ ಒಂದ್ ಮಾತು ಹೇಳಿದ್ರೆ, ನಾನೇ ತಂದು ಹಾಕ್ತಿರ್ಲಿಲ್ವೇನೇ ಪುಟ್ಟಿ?"

ಅಷ್ಟೇ ಅಂದ. ನಾನು ಅಳುವುದಕ್ಕೆ ಶುರುಮಾಡಿದೆ. "ಅಳೋದು ಆಮೇಲೆ. ಬಂಡಿ ಕಟ್ಟು" ಅಂದ.

ಬಸ್ಸಿನವರೆಗೆ ನಡೆಯಲು ಅವನಿಗೆ ಆಗುತ್ತಿರಲಿಲ್ಲ. ನಾನೇ ಎತ್ತು ಹೂಡಿ, ಹುಲ್ಲು ಹಾಸಿ, ಅವನನ್ನು ಕೂರಿಸಿಕೊಂಡು ತೂಬಗೆರೆಯ ಬಸ್ಸಿನವರೆಗೆ ಬಂಡಿ ಹೊಡೆದೆ. ದೊಡ್ಡಬಳ್ಳಾಪುರದ ಡಾಕ್ಟರು ಕಾಲು ನೋಡಿದವರೇ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಎರಡು ಬೆರಳು ತೆಗೆದರು. ಇನ್ನು ನಾಲ್ಕು ದಿನ ತಡವಾಗಿದ್ದರೆ ಪಾದವೇ ಹೋಗುತ್ತಿತ್ತಂತೆ. ನಾನು ಎಂಟು ದಿನ ಮೊದಲು ಬಾಯಿ ಬಿಟ್ಟಿದ್ದರೆ ಏನು ಉಳಿಯುತ್ತಿತ್ತು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲಿನ ಅಡಿಗೆಯ ಬಗ್ಗೆ ಮಾತ್ರ ನಾನು ಎದೆ ತಟ್ಟಿ ಹೇಳಬಲ್ಲೆ. ಹೊತ್ತಿಗೊಂದು ಸಣ್ಣ ಹಿಟ್ಟು, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಬಟ್ಟಲು ತುಂಬ ಸೊಪ್ಪು: ಅಣ್ಣೆ, ದಂಟು, ಹೊನಗನ್ನೆ, ಹೊಲದ ಬದುವಿನಲ್ಲಿ ಏನು ಸಿಕ್ಕಿದರೆ ಅದು. ಹುರುಳಿ, ಅಲಸಂದೆ. ಊಟ ದಿನಾ ಅದೇ ಹೊತ್ತಿಗೆ, ಅದೇ ಅಳತೆ. ಹಬ್ಬಕ್ಕೆ ಒಂದು ಒಬ್ಬಟ್ಟಿನಲ್ಲಿ ಕಾಲು ಭಾಗ ನಾನೇ ಮುರಿದು ಕೊಡುತ್ತಿದ್ದೆ. ವರ್ಷಕ್ಕೊಂದು ಸಲ ಬರುವ ಒಬ್ಬಟ್ಟು ನೆಂಟನಿದ್ದ ಹಾಗೆ, ಬಂದ, ಹೋದ. ದಿನಾ ತಟ್ಟೆಗೆ ಬರುವುದು ಮನೆಯವನು. ಅವನು ಹೇಗಿರುತ್ತಾನೋ ಮನೆಯೂ ಹಾಗೇ ಇರುತ್ತದೆ. ಆ ತಟ್ಟೆಯಿಂದ ಅಣ್ಣ ಮತ್ತೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಿದ, ಆ ಕಾಲಲ್ಲೇ ಮಾಕಳಿದುರ್ಗದ ಬೆಟ್ಟ ಹತ್ತಿ ಇಳಿದ. ನನ್ನ ಸಕ್ಕರೆಯೂ ಹತೋಟಿಯಲ್ಲಿದೆ. ಹೌದು, ನನಗೂ ಬಂತು, ಬಾರದೆ ಇರುತ್ತದೆಯೇ?

ಕಾಲು ಕುಂಟುತ್ತಾ ಅವನು ಊರೊಳಗೆ ಮೊದಲ ಸಲ ಹೊರಟ ದಿನ ನಾನು ಬಾಗಿಲ ಹಿಂದೆ ನಿಂತಿದ್ದೆ. ಅಕ್ಕಯ್ಯಮ್ಮ ಕೂಗಿ ಕೇಳಿದಳು, "ಏನ್ ಮುನಿಯಣ್ಣ, ಬೆರಳು ಏನಾದ್ವು?" ಅಣ್ಣ ನಿಂತು, ಕೊಟ್ಟಿಗೆಯ ಕಡೆ ಕೈ ತೋರಿಸಿ, "ಎತ್ತು ತುಳೀತು ಕಣಕ್ಕಾ" ಅಂದ. ಸಾಯುವವರೆಗೂ ಕೇಳಿದವರಿಗೆಲ್ಲ ಅದನ್ನೇ ಹೇಳಿದ. ಅವ್ವನಿಗೂ ಅದೇ ಹೇಳಲು ಹೋಗಿ ಬೈಸಿಕೊಂಡ.

ಆ ಎತ್ತು ಬಹಳ ಸಾಧು. ಕಾಲ ಕೆಳಗೆ ಕೋಳಿಮರಿ ಓಡಾಡಿದರೆ ಎತ್ತಿದ ಗೊರಸನ್ನು ಹಾಗೇ ಹಿಡಿದು ನಿಲ್ಲುತ್ತಿತ್ತು. ಅದು ಯಾರನ್ನೂ ತುಳಿಯಲಿಲ್ಲ. ತುಳಿದವಳು ನಾನು.